ಇಪ್ಪತ್ತೊಂದು ಅಂಕಿಗಳ ಒಡಕು

ಅರವತ್ತೇಳು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ ಒಂದನ್ನು ಕಳೆಯಿರಿ. ಸಿಗುವುದು 14,75,73,95,25,89,67,64,12,927. ಒಟ್ಟು ಇಪ್ಪತ್ತೊಂದು ಅಂಕಿ. ಇದು ಅವಿಭಾಜ್ಯ ಸಂಖ್ಯೆ, ಅಂದರೆ 1 ಮತ್ತು ಅದನ್ನೇ ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ ಸಂಖ್ಯೆ ಎಂದು 1644ರಲ್ಲಿ ಪ್ಯಾರಿಸ್ಸಿನ ಒಬ್ಬ ಸಂನ್ಯಾಸಿ ಬರೆದ. ಹಾಗಲ್ಲ, ಇದು ಒಡೆಯುತ್ತದೆ ಎಂದು 1876ರಲ್ಲಿ ಅದೇ ದೇಶದ ಒಬ್ಬ ಗಣಿತಜ್ಞ ಹೇಳಿದ. ಸರಿ, ಯಾವ ಎರಡು ಸಂಖ್ಯೆಗಳನ್ನು ಗುಣಿಸಿದರೆ ಇದು ಬರುತ್ತದೆ ಎಂದು ಆಗ ಯಾರಾದರೂ ಕೇಳಿದ್ದರೆ ಅವನ ಬಳಿ ಉತ್ತರವಿರಲಿಲ್ಲ. ಆ ಉತ್ತರ ಬಂದದ್ದು ಇನ್ನೂ 27 ವರ್ಷ ಕಳೆದ ಮೇಲೆ, ಅಟ್ಲಾಂಟಿಕ್ ಸಾಗರದ ಆಚೆಯಿಂದ.

ಸಂನ್ಯಾಸಿಯ ಹೆಸರು ಮಾರಿನ್ ಮರ್ಸೆನ್. ಮಿನಿಮ್ ಎಂಬ ಕ್ರೈಸ್ತ ಪಂಥಕ್ಕೆ ಸೇರಿದವನು. ವಿಜ್ಞಾನ ಪತ್ರಿಕೆಗಳು ಇನ್ನೂ ಹುಟ್ಟಿರದ ಆ ಕಾಲದಲ್ಲಿ ಡೆಕಾರ್ಟ್, ಫರ್ಮಾ, ಗೆಲಿಲಿಯೊ ಮೊದಲಾದವರಿಗೆಲ್ಲ ಕಾಗದ ಬರೆದು, ಒಬ್ಬ ಕಂಡುಕೊಂಡದ್ದನ್ನು ಇನ್ನೊಬ್ಬನಿಗೆ ಮುಟ್ಟಿಸುತ್ತಿದ್ದವನು ಇವನೇ. 1644ರಲ್ಲಿ ಹೊರಬಂದ ತನ್ನ ಪುಸ್ತಕವೊಂದರ ಮುನ್ನುಡಿಯಲ್ಲಿ ಅವನು ಒಂದು ಪಟ್ಟಿ ಕೊಟ್ಟ. ಎರಡರ ಘಾತದಿಂದ ಒಂದನ್ನು ಕಳೆದಾಗ ಅವಿಭಾಜ್ಯ ಸಂಖ್ಯೆ ಬರಬೇಕಾದರೆ, 257ರವರೆಗೆ ಆ ಘಾತ 2, 3, 5, 7, 13, 17, 19, 31, 67, 127, 257 ಇವುಗಳಲ್ಲಿ ಒಂದಾಗಿರಬೇಕು, ಉಳಿದ ಯಾವುದೂ ಆಗದು ಎಂಬುದು ಅವನ ಮಾತು. ಪುರಾವೆ ಕೊಡಲಿಲ್ಲ. ಹದಿನೈದು ಇಪ್ಪತ್ತು ಅಂಕಿಗಳ ಸಂಖ್ಯೆ ಅವಿಭಾಜ್ಯ ಹೌದೋ ಅಲ್ಲವೋ ಎಂದು ಪರೀಕ್ಷಿಸಲು ಇರುವ ಕಾಲವೆಲ್ಲ ಸಾಲದು ಎಂದು ಅವನೇ ಒಪ್ಪಿಕೊಂಡಿದ್ದ. ಆದರೂ ಪಟ್ಟಿ ಕೊಟ್ಟ, ಜಗತ್ತು ಅದನ್ನು ಎರಡೂವರೆ ಶತಮಾನ ಜೋಪಾನ ಮಾಡಿತು. ಇವತ್ತಿಗೂ ಈ ರೂಪದ ಸಂಖ್ಯೆಗಳಿಗೆ ಮರ್ಸೆನ್ ಸಂಖ್ಯೆಗಳೆಂದೇ ಹೆಸರು. ಪಟ್ಟಿಯಲ್ಲಿ ತಪ್ಪುಗಳಿದ್ದವು ಎಂದು ನಗುವವರನ್ನು ಕಂಡರೆ ನನಗೆ ಸ್ವಲ್ಪ ಬೇಸರವಾಗುತ್ತದೆ. ಆ ಪಟ್ಟಿ ಇರದಿದ್ದರೆ ಮುಂದಿನವರು ಯಾವುದರ ಜೊತೆ ಗುದ್ದಾಡಬೇಕಿತ್ತು?

ಗುದ್ದಾಟಕ್ಕೆ ಬೇಕಾದ ಮೊದಲ ಆಯುಧವನ್ನು ಪಟ್ಟಿ ಅಚ್ಚಾಗುವ ನಾಲ್ಕು ವರ್ಷ ಮೊದಲೇ, 1640ರಲ್ಲಿ, ಫರ್ಮಾ ಕಂಡುಕೊಂಡಿದ್ದ. ಅದನ್ನು ಚಿಕ್ಕ ಸಂಖ್ಯೆಯೊಂದರಲ್ಲಿ ನೋಡೋಣ. ಎರಡರ ಹನ್ನೊಂದನೆಯ ಘಾತ 2048. ಒಂದು ಕಳೆದರೆ 2047. ಇದು 23ರಿಂದ ಭಾಗವಾಗುತ್ತದೆ; 23 × 89 = 2047. ಈಗ 1ರಿಂದ ಶುರುಮಾಡಿ ಇಮ್ಮಡಿ ಮಾಡುತ್ತ ಹೋಗಿ, 23 ದಾಟಿದಾಗಲೆಲ್ಲ 23 ಕಳೆಯಿರಿ: 1, 2, 4, 8, 16, 9, 18, 13, 3, 6, 12, ಮತ್ತೆ 1. ಸರಿಯಾಗಿ ಹನ್ನೊಂದು ಹೆಜ್ಜೆಗೆ ಸುತ್ತು ಮುಗಿಯಿತು. ಹೀಗೆ ಸುತ್ತುವ ಹೆಜ್ಜೆಗಳ ಎಣಿಕೆ ಯಾವಾಗಲೂ ಅವಿಭಾಜ್ಯ ಭಾಜಕಕ್ಕಿಂತ ಒಂದು ಕಡಿಮೆ ಇರುವ ಸಂಖ್ಯೆಯನ್ನು (ಇಲ್ಲಿ 22ನ್ನು) ನಿಶ್ಶೇಷವಾಗಿ ಭಾಗಿಸಲೇಬೇಕು ಎಂಬುದು ಫರ್ಮಾ ಕಂಡ ನಿಯಮ. ಅಂದರೆ 2047ರ ಯಾವುದೇ ಅವಿಭಾಜ್ಯ ಭಾಜಕವನ್ನು 11ರಿಂದ ಭಾಗಿಸಿದರೆ 1 ಉಳಿಯಬೇಕು. ಭಾಜಕ ಬೆಸಸಂಖ್ಯೆಯಾದ್ದರಿಂದ 22ರಿಂದ ಭಾಗಿಸಿದರೂ 1 ಉಳಿಯಬೇಕು. 23 ಎಂದರೆ 22ಕ್ಕೆ ಒಂದು ಸೇರಿಸಿದ್ದು. 89 ಎಂದರೆ 88ಕ್ಕೆ ಒಂದು ಸೇರಿಸಿದ್ದು. ಲೆಕ್ಕ ತಾಳೆಯಾಯಿತು. ಇದೇ ಸೂತ್ರ ಹಿಡಿದು ಫರ್ಮಾ, ಎರಡರ 37ನೆಯ ಘಾತಕ್ಕೆ ಒಂದು ಕಡಿಮೆಯಾದ ಸಂಖ್ಯೆ 223ರಿಂದ ಭಾಗವಾಗುತ್ತದೆ ಎಂದು ತೋರಿಸಿದ. 223 ಎಂದರೆ ಮೂರು ಸಲ 74, ಮೇಲೊಂದು.

ನಮ್ಮ ಇಪ್ಪತ್ತೊಂದು ಅಂಕಿಗಳ ಸಂಖ್ಯೆಗೆ ಇದನ್ನು ಹೊಂದಿಸಿದರೆ, ಅದರ ಯಾವುದೇ ಭಾಜಕವನ್ನು 134ರಿಂದ ಭಾಗಿಸಿದಾಗ 1 ಉಳಿಯಬೇಕು. ಇನ್ನೊಂದು ಷರತ್ತೂ ಉಂಟು. ಎರಡರ 67ನೆಯ ಘಾತವನ್ನು ನಮ್ಮ ಸಂಖ್ಯೆಯಿಂದ ಭಾಗಿಸಿದರೆ 1 ಉಳಿಯುತ್ತದೆ. ಹಾಗಾದರೆ 68ನೆಯ ಘಾತವನ್ನು ಭಾಗಿಸಿದರೆ 2 ಉಳಿಯುತ್ತದೆ. 68ನೆಯ ಘಾತವೆಂದರೆ 34ನೆಯ ಘಾತದ ವರ್ಗ. ಅಂದರೆ ಒಂದು ವರ್ಗಸಂಖ್ಯೆಯನ್ನು ಭಾಗಿಸಿದಾಗ 2 ಉಳಿಯಿತು. ಅಂಥ ಭಾಜಕಗಳನ್ನು 8ರಿಂದ ಭಾಗಿಸಿದರೆ 1 ಅಥವಾ 7 ಮಾತ್ರ ಉಳಿಯಬಲ್ಲದು. ಈ ಎರಡು ಷರತ್ತುಗಳನ್ನು ಹಿಡಿದೇ ಆಯ್ಲರ್ 1772ರಲ್ಲಿ ಎರಡರ 31ನೆಯ ಘಾತಕ್ಕೆ ಒಂದು ಕಡಿಮೆಯಾದ 2,14,74,83,647 ಅವಿಭಾಜ್ಯವೆಂದು ಸಾಧಿಸಿದ. ಸುಮಾರು ನೂರು ವರ್ಷ ಅದೇ ದಾಖಲೆಯಾಗಿ ನಿಂತಿತು. 67ರ ಕಡೆಗೆ ಕೈಹಾಕುವ ಧೈರ್ಯ ಯಾರಿಗೂ ಬರಲಿಲ್ಲ, ಯಾಕೆಂದರೆ ಅಲ್ಲಿ ಹುಡುಕಬೇಕಾದ ಹರವು 1,200 ಕೋಟಿಯನ್ನೂ ದಾಟುತ್ತದೆ.

ಎದ್ವಾರ್ ಲ್ಯೂಕಾ ಬಂದದ್ದು ಇಲ್ಲಿಗೆ. ಮೂರು ಕಂಬ ಮತ್ತು ಬಿಲ್ಲೆಗಳ 'ಹನಾಯ್ ಗೋಪುರ' ಆಟವನ್ನು ಆಡಿದವರಿಗೆ ಅವನು ಪರೋಕ್ಷವಾಗಿ ಪರಿಚಿತ. ಆ ಆಟ ಅವನದೇ. ಅವನ ಹೊಸ ದಾರಿಯಲ್ಲಿ ಭಾಜಕಗಳನ್ನು ಹುಡುಕುವ ಗೋಜೇ ಇರಲಿಲ್ಲ. ಅವನ ಪರೀಕ್ಷೆಯನ್ನು 1930ರಲ್ಲಿ ಅಮೆರಿಕದ ಡಿ. ಎಚ್. ಲೆಮರ್ ಸರಳಗೊಳಿಸಿದ ರೂಪ ಹೀಗಿದೆ: 4ರಿಂದ ಹೊರಡಿ. ಅದರ ವರ್ಗ ಮಾಡಿ 2 ಕಳೆಯಿರಿ, 14 ಬಂತು. ಮತ್ತೆ ವರ್ಗ ಮಾಡಿ 2 ಕಳೆಯಿರಿ, 194. ಪ್ರತಿ ಸಲವೂ ಬಂದದ್ದನ್ನು ಪರೀಕ್ಷೆಗಿಟ್ಟ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳಿ. ಘಾತಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದಾಗ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬೇರೇನು ಬಂದರೂ ಸಂಯುಕ್ತ. 31ಕ್ಕೆ, ಅಂದರೆ ಘಾತ 5ಕ್ಕೆ, ಮಾಡಿ ನೋಡಿ: 4, 14, 8, 0. ಮೂರೇ ಹೆಜ್ಜೆಗೆ ಸೊನ್ನೆ. 2047ಕ್ಕೆ ಮಾಡಿದರೆ: 4, 14, 194, 788, 701, 119, 1877, 240, 282, 1736. ಒಂಬತ್ತು ಹೆಜ್ಜೆಯಾಯಿತು, ಸೊನ್ನೆ ಬರಲಿಲ್ಲ. ಹಾಗಾಗಿ 2047 ಒಡೆಯುತ್ತದೆ.

ಆ 1736ನ್ನು ಒಮ್ಮೆ ದಿಟ್ಟಿಸಿ ನೋಡಿ. ಅದರಲ್ಲಿ 23ರ ಗುರುತು ಎಲ್ಲಿದೆ? 89ರ ಸುಳಿವೇನಾದರೂ ಕಾಣುತ್ತದೆಯೇ? ಏನೂ ಇಲ್ಲ. ಮಡಕೆಯನ್ನು ಬೆರಳಿನಿಂದ ತಟ್ಟಿದಾಗ ದನಿ ಒಡಕಾಗಿ ಬಂದರೆ ಬಿರುಕು ಬಿಟ್ಟಿದೆ ಎಂದು ಕುಂಬಾರಗಿತ್ತಿ ಕಣ್ಣುಮುಚ್ಚಿ ಹೇಳುತ್ತಾಳೆ. ಬಿರುಕು ಯಾವ ಮಗ್ಗುಲಿಗಿದೆ ಎಂದು ದನಿ ಹೇಳುವುದಿಲ್ಲ. ಲ್ಯೂಕಾನ ಪರೀಕ್ಷೆ ಆ ದನಿ. ಎರಡರ 127ನೆಯ ಘಾತಕ್ಕೆ ಒಂದು ಕಡಿಮೆಯಾದ 39 ಅಂಕಿಗಳ ಸಂಖ್ಯೆ ಅವಿಭಾಜ್ಯವೆಂದು ಅವನು 1876ರಲ್ಲಿ ಸಾಧಿಸಿದ. ಈ ಗುಣಾಕಾರ ಭಾಗಾಕಾರಗಳನ್ನೆಲ್ಲ ಸೊನ್ನೆ ಮತ್ತು ಒಂದುಗಳಿಗೆ ಇಳಿಸಿ, 127 ಸಾಲು, 127 ಕಂಬಸಾಲುಗಳ ಚೌಕಳಿ ಹಲಗೆಯ ಮೇಲೆ ಕಾಯಿ ನಡೆಸುವ ಆಟವನ್ನಾಗಿ ಅವನು ವಿವರಿಸಿದ್ದಾನೆ. ಮರ್ಸೆನ್ 127ರಲ್ಲಿ ಗೆದ್ದ. ಅದೇ ವರ್ಷ 67ನ್ನು ಪರೀಕ್ಷಿಸಿದ ಲ್ಯೂಕಾ ಅದು ಸಂಯುಕ್ತ ಸಂಖ್ಯೆಯೆಂದು ಸಾರಿದ. ಮರ್ಸೆನ್ 67ರಲ್ಲಿ ಸೋತ.

ಏಳು ವರ್ಷ ಕಳೆದ ಮೇಲೆ, 1883ರಲ್ಲಿ, ರಷ್ಯಾದ ಉರಾಲ್ ಸೀಮೆಯ ಹಳ್ಳಿಯೊಂದರ ಪಾದ್ರಿ ಇವಾನ್ ಪೆರ್ವುಷಿನ್ ಎರಡರ 61ನೆಯ ಘಾತಕ್ಕೆ ಒಂದು ಕಡಿಮೆಯಾದ ಸಂಖ್ಯೆ ಅವಿಭಾಜ್ಯವೆಂದು ತೋರಿಸಿದ. ಅದು ಮರ್ಸೆನ್ನನ ಪಟ್ಟಿಯಲ್ಲಿರಲಿಲ್ಲ. 61 ಎಂದು ಬರೆದದ್ದು ಅಚ್ಚಿನಲ್ಲಿ 67 ಆಗಿರಬಹುದೇ ಎಂದು ಕೆಲವರು ಊಹಿಸಿದರು. ಮರ್ಸೆನ್ನನ ಮೇಲಿನ ಗೌರವದಿಂದ ಹುಟ್ಟಿದ ಊಹೆ ಅದು. ಮುಂದೆ 89, 107 ಕೂಡ ಪಟ್ಟಿಯಿಂದ ಬಿಟ್ಟುಹೋಗಿದ್ದವೆಂದು ಗೊತ್ತಾದಾಗ ಆ ಊಹೆಗೆ ಹೆಚ್ಚು ಬಲ ಉಳಿಯಲಿಲ್ಲ.

ಹೀಗೆ 67ರದು ವಿಚಿತ್ರ ಸ್ಥಿತಿಯಾಯಿತು. ಒಡೆಯುತ್ತದೆ ಎಂಬುದು ಗಣಿತದ ಸತ್ಯ. ಎಲ್ಲಿ ಒಡೆಯುತ್ತದೆ ಎಂಬುದು ಯಾರಿಗೂ ಗೊತ್ತಿಲ್ಲದ ಸಂಗತಿ. ಈ ಎರಡು ಅರಿವುಗಳು ಬೇರೆಬೇರೆ ಎಂಬುದೇ ಅಂದಿನ ಹಲವರಿಗೆ ಹೊಸದು. ಶಾಲೆಯಲ್ಲಿ ನಾವು ಕಲಿಯುವುದು 3ರಿಂದಲೋ 7ರಿಂದಲೋ ಭಾಗಿಸಿ, ಭಾಗ ಹೋದರೆ ಸಂಯುಕ್ತ ಎನ್ನುವುದನ್ನು. ಅಲ್ಲಿ ಭಾಜಕವೇ ಪುರಾವೆ.

67ರ ಭಾಜಕಗಳನ್ನು ಕೊನೆಗೆ ಹುಡುಕಿದ ಫ್ರ್ಯಾಂಕ್ ನೆಲ್ಸನ್ ಕೋಲ್ ಹುಟ್ಟಿದ್ದು 1861ರಲ್ಲಿ, ಮ್ಯಾಸಚೂಸೆಟ್ಸಿನ ಆ್ಯಶ್ಲೆಂಡಿನಲ್ಲಿ. ಹಾರ್ವರ್ಡಿನಲ್ಲಿ ಓದಿ, ಜರ್ಮನಿಗೆ ಹೋಗಿ ಫೆಲಿಕ್ಸ್ ಕ್ಲೈನ್ ಬಳಿ ಕಲಿತು ಬಂದ. 1895ರಿಂದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ. ಅವನ ಮುಖ್ಯ ಕ್ಷೇತ್ರ ಗುಂಪುಗಳ ಸಿದ್ಧಾಂತ. ಸರಳ ಗುಂಪುಗಳನ್ನು 660ರ ಕ್ರಮದವರೆಗೆ ಒಂದೊಂದಾಗಿ ಶೋಧಿಸಿ ಪಟ್ಟಿಮಾಡಿದವನು, 504ರ ಕ್ರಮದ ಸರಳ ಗುಂಪನ್ನು ಕಂಡುಹಿಡಿದವನು. ಸಾಧ್ಯತೆಗಳನ್ನು ಒಂದೊಂದಾಗಿ ಅಳಿಸುತ್ತ ಕೊನೆಗೆ ಉಳಿದದ್ದನ್ನು ಹಿಡಿಯುವ ಕೆಲಸ ಅದು. ಅಮೆರಿಕನ್ ಗಣಿತ ಸಂಘದ ಕಾರ್ಯದರ್ಶಿಯಾಗಿ 1896ರಿಂದ 1920ರವರೆಗೆ ಇಪ್ಪತ್ತನಾಲ್ಕು ವರ್ಷ ದುಡಿದ. ಸಂಘದ ಪತ್ರಿಕೆಯ ಸಂಪಾದಕತ್ವವೂ ಅವನ ಹೆಗಲ ಮೇಲೇ ಇತ್ತು.

1903ರ ಅಕ್ಟೋಬರ್ 31ರಂದು ನ್ಯೂಯಾರ್ಕಿನಲ್ಲಿ ಸಂಘದ ಸಭೆ. ದೊಡ್ಡ ಸಂಖ್ಯೆಗಳ ಅಪವರ್ತನ ಕುರಿತು ಕೋಲ್ ಪ್ರಬಂಧ ಮಂಡಿಸಬೇಕಿತ್ತು. ಆ ದಿನದ ಬಗ್ಗೆ ಪ್ರಚಾರದಲ್ಲಿರುವ ಕತೆ ಎಲ್ಲ ಕಡೆಯೂ ಒಂದೇ. ಕೋಲ್ ಬಾಯಿಬಿಡದೆ ಕಪ್ಪುಹಲಗೆಯ ಬಳಿಗೆ ಹೋಗಿ, ಎರಡರ 67ನೆಯ ಘಾತವನ್ನು ಲೆಕ್ಕ ಹಾಕಿ ಒಂದು ಕಳೆದ. ಹಲಗೆಯ ಮತ್ತೊಂದು ಭಾಗಕ್ಕೆ ಸರಿದು 19,37,07,721 ಮತ್ತು 7,61,83,82,57,287 ಎಂದು ಬರೆದು ಅವೆರಡನ್ನೂ ಗುಣಿಸಿದ. ಎರಡೂ ಕಡೆ ಒಂದೇ ಉತ್ತರ. ಸಭೆ ಚಪ್ಪಾಳೆ ತಟ್ಟಿತು. ಕೋಲ್ ಒಂದು ಮಾತೂ ಆಡದೆ ಬಂದು ಕೂತ. ಯಾರೂ ಪ್ರಶ್ನೆ ಕೇಳಲಿಲ್ಲ.

ಕತೆ ಹೇಳಿದವನು ಇ. ಟಿ. ಬೆಲ್. ಗಣಿತಜ್ಞರ ಜೀವನಚಿತ್ರಗಳಿಂದ ಹೆಸರಾದವನು, ಸ್ವತಃ ಸಂಖ್ಯಾಸಿದ್ಧಾಂತದಲ್ಲಿ ಕೆಲಸ ಮಾಡಿದವನು. 1903ರಲ್ಲಿ ಅವನು ಆ ಸಭೆಯಲ್ಲಿರಲಿಲ್ಲ. ದೂರದ ಕ್ಯಾಲಿಫೋರ್ನಿಯಾದಲ್ಲಿ ಇಪ್ಪತ್ತರ ವಿದ್ಯಾರ್ಥಿಯಾಗಿದ್ದ. ಮುಂದೆ ಕೊಲಂಬಿಯಾಕ್ಕೆ ಬಂದು ಕೋಲ್‌ನ ಒಡನಾಟ ಪಡೆದ. ಈ ಸಂಖ್ಯೆಯನ್ನು ಒಡೆಯಲು ಎಷ್ಟು ಕಾಲ ಹಿಡಿಯಿತು ಎಂದು 1911ರಲ್ಲಿ ಕೇಳಿದಾಗ, ಮೂರು ವರ್ಷಗಳ ಭಾನುವಾರಗಳು ಎಂದು ಕೋಲ್ ಹೇಳಿದನಂತೆ. ಬೆಲ್ ಇದನ್ನು ಪುಸ್ತಕದಲ್ಲಿ ಬರೆದದ್ದು 1951ರಲ್ಲಿ. ಅಷ್ಟು ಹೊತ್ತಿಗೆ ಕೋಲ್ ತೀರಿಕೊಂಡು ಇಪ್ಪತ್ತೈದು ವರ್ಷ. ಸುಂದರವಾಗಿ ಕತೆ ಕಟ್ಟುವುದು ಬೆಲ್‌ನ ಶಕ್ತಿ, ವಿವರಗಳಿಗೆ ಬಣ್ಣ ಹಚ್ಚುವುದು ಅವನ ಅಭ್ಯಾಸ. ಹಾಗಾಗಿ ಮೌನದ ಈ ದೃಶ್ಯವನ್ನು ನಾನು ಬೆಲ್‌ನ ಮಾತಾಗಿಯೇ ಇಟ್ಟುಕೊಳ್ಳುತ್ತೇನೆ. ಅದಕ್ಕಿಂತ ನನಗೆ ಹೆಚ್ಚು ಪ್ರಿಯವಾದದ್ದು 1903ರ ಡಿಸೆಂಬರಿನಲ್ಲಿ ಸಂಘದ ಪತ್ರಿಕೆಯಲ್ಲಿ ಅಚ್ಚಾದ ಕೋಲ್‌ನ ಲೇಖನ. ನಾಲ್ಕೇ ಪುಟ. ಆವಿಷ್ಕಾರದ ನಿಜವಾದ ಕತೆ ಇರುವುದು ಅಲ್ಲಿ, ಮತ್ತು ಅದನ್ನು ಹೇಳುವವರು ಕಡಿಮೆ.

ಮೊದಲು ಭಾನುವಾರಗಳ ಲೆಕ್ಕ ಮಾಡೋಣ. ಕೋಲ್ ಭಾಜಕಗಳನ್ನು ಒಂದರ ಹಿಂದೊಂದು ಇಟ್ಟು ಭಾಗಿಸುತ್ತ ಹೋದ ಎಂದೇ ಕತೆ ಕೇಳಿದ ಎಷ್ಟೋ ಜನ ನಂಬಿದ್ದಾರೆ. ಹಾಗೆ ಮಾಡಿದ್ದರೆ ಏನಾಗುತ್ತಿತ್ತು? 134ರಿಂದ ಭಾಗಿಸಿ 1 ಉಳಿಯುವ ಸಂಖ್ಯೆಗಳ ಸಾಲಿನಲ್ಲಿ 19,37,07,721 ನಿಲ್ಲುವುದು 14,45,580ನೆಯ ಜಾಗದಲ್ಲಿ. ಎಂಟರ ಷರತ್ತು ಹಾಕಿದರೆ ಅರ್ಧ ಬಿದ್ದುಹೋಗಿ ಏಳು ಲಕ್ಷ ಚಿಲ್ಲರೆ ಉಳಿಯುತ್ತವೆ. ಅದರಲ್ಲಿ ಅವಿಭಾಜ್ಯಗಳನ್ನಷ್ಟೇ ಆರಿಸಿಕೊಂಡರೂ ಸುಮಾರು 80 ಸಾವಿರ. ಇಪ್ಪತ್ತೊಂದು ಅಂಕಿಗಳ ಸಂಖ್ಯೆಯನ್ನು ಕೈಯಲ್ಲಿ ಭಾಗಿಸಲು ಹತ್ತು ನಿಮಿಷ ಎಂದಿಟ್ಟುಕೊಂಡರೆ 13 ಸಾವಿರ ಗಂಟೆ. ಪ್ರತಿ ಭಾನುವಾರ ಹತ್ತು ಗಂಟೆ ಕೂತರೂ 1,300 ಭಾನುವಾರ, ಅಂದರೆ 25 ವರ್ಷ. ಮೂರು ವರ್ಷಕ್ಕೆ ಭಾನುವಾರಗಳು 156 ಮಾತ್ರ. ಸಿಗುವ ಭಾಜಕ 19 ಕೋಟಿಯ ಹತ್ತಿರವೇ ಇದೆ, 1,200 ಕೋಟಿಯ ಹತ್ತಿರ ಇಲ್ಲ ಎಂದು ಮೊದಲೇ ತಿಳಿಯುವ ದಾರಿಯೂ ಇರಲಿಲ್ಲ. ಹಾಗಾಗಿ ಕೋಲ್ ಹಿಡಿದದ್ದು ಬೇರೆಯದೇ ದಾರಿ.

ಆ ದಾರಿಯ ಬುಡ ಮತ್ತೆ ಫರ್ಮಾನದೇ. ಯಾವುದೇ ಸಂಯುಕ್ತ ಬೆಸಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯಬಹುದು. 2047ನ್ನೇ ನೋಡಿ: 23 ಮತ್ತು 89ರ ಮೊತ್ತದ ಅರ್ಧ 56, ವ್ಯತ್ಯಾಸದ ಅರ್ಧ 33. 56ರ ವರ್ಗ 3136, 33ರ ವರ್ಗ 1089, ಕಳೆದರೆ 2047. ಅಂದರೆ ಎರಡು ಭಾಜಕಗಳನ್ನು ಹುಡುಕುವ ಬದಲು ಅವುಗಳ ಮೊತ್ತವನ್ನು ಹುಡುಕಿದರೆ ಸಾಕು. ಮೊತ್ತ ಗೊತ್ತಾದರೆ ಎಲ್ಲ ಗೊತ್ತಾದಂತೆ.

ಮೊತ್ತವನ್ನು ಹುಡುಕುವುದು ಸುಲಭವೇ? ಇಲ್ಲೊಂದು ಸೊಗಸು ಇದೆ. ಎರಡೂ ಭಾಜಕಗಳಿಂದ ಒಂದೊಂದು ಕಳೆದರೆ ಎರಡೂ 11ರ ಗುಣಕಗಳು. ಆದ್ದರಿಂದ ಅವುಗಳ ಗುಣಲಬ್ಧ 121ರಿಂದ ಭಾಗವಾಗಬೇಕು. ಈ ಗುಣಲಬ್ಧವನ್ನು ಬಿಡಿಸಿ ಬರೆದರೆ ಸಿಗುವುದು 2047ಕ್ಕೆ ಒಂದು ಕೂಡಿಸಿ ಮೊತ್ತವನ್ನು ಕಳೆದದ್ದು. ಹಾಗಾಗಿ ಭಾಜಕಗಳ ಮೊತ್ತವನ್ನೂ 2048ನ್ನೂ 121ರಿಂದ ಭಾಗಿಸಿದರೆ ಒಂದೇ ಶೇಷ ಬರಬೇಕು. 2048ನ್ನು 121ರಿಂದ ಭಾಗಿಸಿ: 112 ಉಳಿಯುತ್ತದೆ. ಮೊತ್ತ 112 ಇರಬಹುದೇ ಎಂದು ನೋಡಿದರೆ ಅರ್ಧ 56, ಅದರ ವರ್ಗದಿಂದ 2047 ಕಳೆದರೆ 1089, ಅದು 33ರ ವರ್ಗ. ಮೊದಲ ಪ್ರಯತ್ನದಲ್ಲೇ 23, 89 ಎರಡೂ ಕೈಗೆ ಬಂದವು. ಒಂದೂ ಭಾಗಾಕಾರದ ಪರೀಕ್ಷೆ ಮಾಡದೆ! ಇದನ್ನು ಕಾಗದದ ಮೇಲೆ ಒಮ್ಮೆ ಮಾಡಿದವರು ಮತ್ತೆ ಮರೆಯುವುದಿಲ್ಲ.

67ರ ಸಂಖ್ಯೆಗೆ ಇದೇ ಉಪಾಯ ಹೂಡಿದರೆ 121ರ ಜಾಗದಲ್ಲಿ 67ರ ವರ್ಗ 4489 ಬರುತ್ತದೆ. ಮೊತ್ತದ ಅರ್ಧವನ್ನು 4489ರಿಂದ ಭಾಗಿಸಿದಾಗ ಎಷ್ಟು ಉಳಿಯಬೇಕೆಂದು ನಿಖರವಾಗಿ ಗೊತ್ತಾಗುತ್ತದೆ. ಅಷ್ಟಕ್ಕೇ ನಿಂತರೆ ಇನ್ನೂ ಎಂಟು ಕೋಟಿಗಿಂತ ಹೆಚ್ಚು ಹೆಜ್ಜೆಗಳನ್ನು ನಡೆಯಬೇಕು. ಭಾನುವಾರಗಳು ಖರ್ಚಾಗಿದ್ದು ಈ ಎಂಟು ಕೋಟಿಯನ್ನು ಕುಗ್ಗಿಸುವುದರಲ್ಲಿ. ವರ್ಗಸಂಖ್ಯೆಗಳನ್ನು ನಮ್ಮ ಸಂಖ್ಯೆಯಿಂದ ಭಾಗಿಸುತ್ತ, ಚಿಕ್ಕ ಚಿಕ್ಕ ಅವಿಭಾಜ್ಯಗಳಾಗಿ ಒಡೆಯುವಂಥ ಶೇಷಗಳು ಬಂದಾಗ ಅವನ್ನು ಎತ್ತಿಟ್ಟುಕೊಳ್ಳಬೇಕು. ಇವು ವರ್ಗಶೇಷಗಳು. 2 ಒಂದು ವರ್ಗಶೇಷ ಎಂಬುದರಿಂದಲೇ ಎಂಟರ ಷರತ್ತು ಹುಟ್ಟಿದ್ದನ್ನು ಮೇಲೆ ಕಂಡೆವು. ಹೊಸದೊಂದು ವರ್ಗಶೇಷ ಸಿಕ್ಕಿತೆಂದರೆ ಭಾಜಕವಾಗಬಲ್ಲ ಸಂಖ್ಯೆಗಳಲ್ಲಿ ಸರಿಸುಮಾರು ಅರ್ಧ ಉದುರಿಹೋಗುತ್ತವೆ. ಇನ್ನೊಂದು ಸಿಕ್ಕರೆ ಉಳಿದದ್ದರಲ್ಲಿ ಅರ್ಧ. ಹೀಗೆ ಬಿಗಿಯುತ್ತ ಬಿಗಿಯುತ್ತ 8, 81, 5, 7, 13 ಮತ್ತು 4489 ಇವುಗಳಿಂದ ಭಾಗಿಸಿದಾಗ ಮೊತ್ತದ ಅರ್ಧ ಏನನ್ನು ಉಳಿಸಬೇಕೆಂಬುದು ಗೊತ್ತಾಯಿತು. ಇವೆಲ್ಲವನ್ನು ಗುಣಿಸಿದರೆ 1,32,35,36,760. ಕೋಲ್‌ನ ಲೆಕ್ಕ ಕೊನೆಗೆ ಬಂದು ನಿಂತ ರೂಪ ಇದು: ಮೊತ್ತದ ಅರ್ಧವನ್ನು 1,32,35,36,760ರಿಂದ ಭಾಗಿಸಿದರೆ 1,16,09,32,384 ಉಳಿಯಬೇಕು.

ಈಗ ಹೆಜ್ಜೆಯ ಉದ್ದ 132 ಕೋಟಿ. ಮೊತ್ತದ ಅರ್ಧ ನಮ್ಮ ಸಂಖ್ಯೆಯ ವರ್ಗಮೂಲಕ್ಕಿಂತ ದೊಡ್ಡದಿರಬೇಕಾದ್ದರಿಂದ ಒಂಬತ್ತನೆಯ ಹೆಜ್ಜೆಯಿಂದ ಹೊರಟರೆ ಸಾಕು. ಪ್ರತಿ ಹೆಜ್ಜೆಯಲ್ಲೂ ಅದರ ವರ್ಗದಿಂದ ನಮ್ಮ ಸಂಖ್ಯೆಯನ್ನು ಕಳೆದು, ಉಳಿದದ್ದು ಪೂರ್ಣವರ್ಗವೇ ಎಂದು ನೋಡಬೇಕು. ಬಹುಪಾಲು ಹೆಜ್ಜೆಗಳನ್ನು ಪೂರ್ತಿ ಲೆಕ್ಕ ಮಾಡದೆಯೇ ತಳ್ಳಿಹಾಕಬಹುದು. 11ರಿಂದಲೋ 17ರಿಂದಲೋ ಭಾಗಿಸಿದಾಗ ವರ್ಗಸಂಖ್ಯೆ ಉಳಿಸಲಾರದಂಥ ಶೇಷ ಬಂದರೆ ಅಲ್ಲಿಗೆ ಮುಗಿಯಿತು. 287ನೆಯ ಹೆಜ್ಜೆಯಲ್ಲಿ 3,81,01,59,82,504 ಬಂತು. ಅದರ ವರ್ಗದಿಂದ ಇಪ್ಪತ್ತೊಂದು ಅಂಕಿಗಳ ನಮ್ಮ ಸಂಖ್ಯೆಯನ್ನು ಕಳೆದರೆ ಉಳಿಯುವುದು 3,80,82,22,74,783ರ ವರ್ಗ. ಎರಡನ್ನೂ ಕೂಡಿದರೆ ದೊಡ್ಡ ಭಾಜಕ, ಕಳೆದರೆ ಚಿಕ್ಕದು.

ಎಂಟು ಕೋಟಿ ಎಲ್ಲಿ, 287 ಎಲ್ಲಿ! ಕೋಲ್‌ನ ಮೂರು ವರ್ಷಗಳನ್ನು ಬರಿಯ ಸಹನೆಯ ಕತೆಯಾಗಿ ಹೇಳುವವರು ಈ ಬುದ್ಧಿಯನ್ನು ಬಿಟ್ಟುಬಿಡುತ್ತಾರೆ. ಸಹನೆ ಇತ್ತು, ಅನುಮಾನವಿಲ್ಲ. ಆದರೆ ಎಲ್ಲಿ ಹುಡುಕಬಾರದು ಎಂದು ತಿಳಿಯಲು ಅವನು ಸಹನೆಯನ್ನು ಖರ್ಚು ಮಾಡಿದ. ಹಲಗೆಯ ಮೇಲಿನ ಗುಣಾಕಾರ ಇದರ ಮುಂದೆ ಏನೇನೂ ಅಲ್ಲ. ಚಿಕ್ಕ ಭಾಜಕ 193707721ರಲ್ಲಿ ಏಳು ಮೂರು ಸಲ ಬಂದಿದೆ, ಸೊನ್ನೆ ಒಂದು, ಒಂದು ಎರಡು ಸಲ. ದೊಡ್ಡದನ್ನು 2, 3, 7, 9ರಿಂದ ಒಮ್ಮೊಮ್ಮೆ ಗುಣಿಸಿಟ್ಟುಕೊಂಡರೆ (7ರಿಂದ ಗುಣಿಸಿದಾಗ 53,32,86,78,01,009 ಬರುತ್ತದೆ) ಉಳಿದದ್ದು ಜಾಗ ಬದಲಿಸಿ ಬರೆದು ಕೂಡುವ ಕೆಲಸ. ಹೈಸ್ಕೂಲು ಹುಡುಗಿಯೊಬ್ಬಳು ಅರ್ಧ ಗಂಟೆಯಲ್ಲಿ ಮಾಡಿ ಮುಗಿಸಬಲ್ಲಳು. ಹುಡುಕಲು ಮೂರು ವರ್ಷ, ತಾಳೆ ನೋಡಲು ಅರ್ಧ ಗಂಟೆ. ಒಡೆಯುವುದಕ್ಕೂ ಗುಣಿಸುವುದಕ್ಕೂ ಇರುವ ಈ ಅಂತರ ಸಣ್ಣ ಸಂಖ್ಯೆಗಳಲ್ಲಿ ಕಣ್ಣಿಗೆ ಬೀಳುವುದಿಲ್ಲ.

ಕೋಲ್ 1926ರಲ್ಲಿ ತೀರಿಕೊಂಡ. ಕಾರ್ಯದರ್ಶಿ ಸ್ಥಾನದಿಂದ ಇಳಿದಾಗ ಸಂಘದವರು ಕೂಡಿಸಿ ಕೊಟ್ಟ ಹಣವನ್ನು ಅವನು ಸಂಘಕ್ಕೇ ಹಿಂತಿರುಗಿಸಿದ್ದ. ಅದರಿಂದ ಹುಟ್ಟಿದ ಕೋಲ್ ಪ್ರಶಸ್ತಿ ಇಂದಿಗೂ ಬೀಜಗಣಿತಕ್ಕೆ ಮತ್ತು ಸಂಖ್ಯಾಸಿದ್ಧಾಂತಕ್ಕೆ ಸಲ್ಲುತ್ತದೆ. 2008ರಲ್ಲಿ ಸಂಖ್ಯಾಸಿದ್ಧಾಂತದ ಪ್ರಶಸ್ತಿ ಪಡೆದವರು ಮಂಜುಲ್ ಭಾರ್ಗವ. ಮರ್ಸೆನ್ನನ ಪಟ್ಟಿ ಪೂರ್ತಿ ತಾಳೆಯಾದದ್ದು 1947ರ ಹೊತ್ತಿಗೆ. ಅದರ ಕೊನೆಯ 257 ಕೂಡ ತಪ್ಪೆಂದು 1920ರ ದಶಕದಲ್ಲೇ ಲ್ಯೂಕಾನ ಬಗೆಯ ಪರೀಕ್ಷೆ ಹೇಳಿತ್ತು. ಅದರ ಭಾಜಕಗಳು ಕೈಗೆ ಬಂದದ್ದು 1979–80ರಲ್ಲಿ, ಕಂಪ್ಯೂಟರಿನ ಕಾಲದಲ್ಲಿ. ಮತ್ತೆ ಅದೇ ಅಂತರ, ಈ ಸಲ ಅರ್ಧ ಶತಮಾನಕ್ಕೂ ಮಿಕ್ಕಿ.

1977ರಲ್ಲಿ ರಿವೆಸ್ಟ್, ಶಮೀರ್, ಆ್ಯಡ್ಲ್‌ಮನ್ ಎಂಬ ಮೂವರು ಗುಣಿಸುವುದಕ್ಕೂ ಒಡೆಯುವುದಕ್ಕೂ ಇರುವ ಅಂತರವನ್ನೇ ಬೀಗವನ್ನಾಗಿ ಮಾಡಿದರು. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸಿ ಲಬ್ಧವನ್ನು ಜಗತ್ತಿಗೆಲ್ಲ ಹೇಳು, ಭಾಜಕಗಳನ್ನು ಮಾತ್ರ ಗುಟ್ಟಾಗಿಡು. ಗುಟ್ಟು ಗೊತ್ತಿದ್ದವನು ಮಾತ್ರ ಸಂದೇಶ ಓದಬಲ್ಲ. ಅವರು ಸವಾಲಾಗಿ ಮುಂದಿಟ್ಟ 129 ಅಂಕಿಗಳ ಸಂಖ್ಯೆಯನ್ನು ಅಂತರ್ಜಾಲದ ಮೂಲಕ ಕೂಡಿದ ನೂರಾರು ಸ್ವಯಂಸೇವಕರು 1994ರಲ್ಲಿ ಒಡೆದರು. ಅವರು ಬಳಸಿದ ವಿಧಾನಕ್ಕೆ ವರ್ಗ ಜರಡಿ ಎಂದು ಹೆಸರು. ಅದು ಹುಡುಕುವುದು ಒಂದೇ ಶೇಷ ಕೊಡುವ ಎರಡು ವರ್ಗಗಳನ್ನು, ಮತ್ತು ಅದಕ್ಕಾಗಿ ಆರಿಸಿಕೊಳ್ಳುವುದು ಚಿಕ್ಕ ಅವಿಭಾಜ್ಯಗಳಾಗಿ ಒಡೆಯುವ ಶೇಷಗಳನ್ನು. ಕೋಲ್ ಆ ಸಾಲುಗಳನ್ನು ಓದಿದ್ದರೆ ತನ್ನ ಭಾನುವಾರಗಳನ್ನು ಗುರುತು ಹಿಡಿಯುತ್ತಿದ್ದ.

ಅವಿಭಾಜ್ಯ ಹೌದೋ ಅಲ್ಲವೋ ಎಂಬ ಇನ್ನೊಂದು ಪ್ರಶ್ನೆಗೆ, ಯಾವ ರೂಪದ ಸಂಖ್ಯೆಯೇ ಆಗಲಿ, ಬೇಗ ಮತ್ತು ಖಚಿತವಾಗಿ ಉತ್ತರ ಕೊಡುವ ವಿಧಾನ ಇದೆಯೆಂದು ಸಾಧಿಸಿದ್ದು ಭಾರತದಲ್ಲಿ. 2002ರ ಆಗಸ್ಟಿನಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗರವಾಲ್ ಮತ್ತು ಆಗತಾನೇ ಬಿ.ಟೆಕ್ ಮುಗಿಸಿದ್ದ ಇಬ್ಬರು ಶಿಷ್ಯರು, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ, ಒಂಬತ್ತು ಪುಟಗಳಷ್ಟರಲ್ಲಿ ಅದನ್ನು ಬರೆದು ಜಗತ್ತಿನ ಮುಂದಿಟ್ಟರು. ಕಯಾಲ್ ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯಕ್ಕೆ ಬಂದು ಸೇರಿದರು. ಅವರ ವಿಧಾನವೂ ಲ್ಯೂಕಾನದರಂತೆ ಒಡೆಯುತ್ತದೆ ಎಂದಷ್ಟೇ ಹೇಳುತ್ತದೆ. ಭಾಜಕಗಳನ್ನು ಅಷ್ಟೇ ಬೇಗ ಹುಡುಕುವ ವಿಧಾನ ಸಾಮಾನ್ಯ ಕಂಪ್ಯೂಟರುಗಳಿಗೆ ಇನ್ನೂ ಸಿಕ್ಕಿಲ್ಲ. ಅಂಥದ್ದು ಇರಲು ಸಾಧ್ಯವೇ ಇಲ್ಲ ಎಂದೂ ಯಾರೂ ಸಾಧಿಸಿಲ್ಲ.

ಕೋಲ್‌ನ ಇಪ್ಪತ್ತೊಂದು ಅಂಕಿಗಳನ್ನು ಇಂದಿನ ಕಂಪ್ಯೂಟರು ಎವೆಯಿಕ್ಕುವಷ್ಟರಲ್ಲಿ ಒಡೆಯುತ್ತದೆ. ಎರಡರ 1277ನೆಯ ಘಾತಕ್ಕೆ ಒಂದು ಕಡಿಮೆಯಾದ ಸಂಖ್ಯೆಗೆ 385 ಅಂಕಿ. ಲ್ಯೂಕಾನ ಪರೀಕ್ಷೆಯಲ್ಲಿ ಅದಕ್ಕೆ ಸೊನ್ನೆ ಬರುವುದಿಲ್ಲ, ಹಾಗಾಗಿ ಅದು ಸಂಯುಕ್ತ. ಇದನ್ನು ಬರೆಯುವ ಹೊತ್ತಿಗೂ ಅದರ ಒಂದೇ ಒಂದು ಭಾಜಕ ಯಾರಿಗೂ ಸಿಕ್ಕಿಲ್ಲ. ಒಡೆಯುತ್ತದೆಂದು ಗೊತ್ತಿದ್ದೂ ಒಂದು ಚೂರೂ ಕೈಗೆ ಬಾರದ ಮರ್ಸೆನ್ ಸಂಖ್ಯೆಗಳಲ್ಲಿ ಅತಿ ಚಿಕ್ಕದು ಅದೇ. ಜಗತ್ತಿನ ಬೇರೆಬೇರೆ ಮೂಲೆಗಳಲ್ಲಿ ಆಸಕ್ತರು ತಮ್ಮ ಯಂತ್ರಗಳನ್ನು ಅದರ ಮೇಲೆ ಓಡಿಸುತ್ತಲೇ ಇದ್ದಾರೆ. ಸಿಗುವ ಅವಿಭಾಜ್ಯ ಭಾಜಕ ಯಾವುದೇ ಆಗಿರಲಿ, ಅದನ್ನು 2554ರಿಂದ ಭಾಗಿಸಿದರೆ 1 ಉಳಿಯಬೇಕು, 8ರಿಂದ ಭಾಗಿಸಿದರೆ 1 ಅಥವಾ 7 ಉಳಿಯಬೇಕು ಎಂಬಷ್ಟು ಮಾತ್ರ ಅವರಿಗೆ ಖಚಿತವಾಗಿ ಗೊತ್ತು.